ಭಾನುವಾರಕ್ಕೊಮ್ಮೆ ಮುಳ್ಳಯ್ಯನಗಿರಿ ಹತ್ತಿದರೆ ಹೃದಯಕ್ಕೆ ಸಾಕಾ?

ಬೋರೆ_ವಾಕರ್:
ಊರು ಚಿಕ್ಕಮಗಳೂರು, ವಯಸ್ಸು 48, ಬಿಪಿ-ಶುಗರ್ ಇಲ್ಲ. ವಾರವಿಡೀ ಕೂತು ಮಾಡೋ ಕೆಲಸ. ಭಾನುವಾರ ಮಾತ್ರ ಮುಳ್ಳಯ್ಯನಗಿರಿಗೆ ಹೋಗೋ ಕಾಲುದಾರಿ ಸರ್ಪದಾರಿಯಲ್ಲಿ ಜೋರಾಗಿ ಹತ್ತೋಣ ಅಂತಿದ್ದೀನಿ. ಜೋರು ವ್ಯಾಯಾಮದಿಂದ ಆಕ್ಸಿಡೇಟಿವ್ ಸ್ಟ್ರೆಸ್ ಹೆಚ್ಚುತ್ತಂತೆ. ವಿಟಮಿನ್ ಸಿ, ಇ ಮಾತ್ರೆ ತಗೊಂಡರೆ ಆಗುತ್ತಾ?

ಸ್ನಾಯುಶಾಸ್ತ್ರ:
ಹೆಚ್ಚೋದು ನಿಜ, ಆದರೆ ಹೆದರಬೇಕಾದ್ದು ಅದಕ್ಕಲ್ಲ. ಸ್ನಾಯು ದುಡಿದಷ್ಟೂ ಫ್ರೀ ರ್‍ಯಾಡಿಕಲ್‌ಗಳು, ಅಂದರೆ ಜೀವಕೋಶಕ್ಕೆ ಹಾನಿ ಮಾಡಬಲ್ಲ ಚುರುಕು ಕಣಗಳು, ಹುಟ್ಟುತ್ತವೆ; ಅವು ಮಿತಿಮೀರೋದೇ ಆಕ್ಸಿಡೇಟಿವ್ ಸ್ಟ್ರೆಸ್. ಅವುಗಳ ಸುಳಿವು ಸಿಕ್ಕ ಮೇಲೇ ಜೀವಕೋಶ ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್‌ನಂಥ, ಈ ಹಾನಿ ತಡೆಯೋ ಕಿಣ್ವಗಳನ್ನು ಹೆಚ್ಚಿಸಿಕೊಳ್ಳೋದು. ಮಾತ್ರೆ ನುಂಗಿದರೆ ಆ ಸುಳಿವೇ ಅಳಿಸಿಹೋಗುತ್ತೆ. 2009ರ ಜರ್ಮನಿಯ ಅಧ್ಯಯನದಲ್ಲಿ ದಿನಕ್ಕೆ 1000 ಮಿಗ್ರಾಂ ಸಿ, 400 ಐಯು ಇ ತಗೊಂಡವರಿಗೆ ನಾಲ್ಕು ವಾರದ ವ್ಯಾಯಾಮದಿಂದ ಇನ್ಸುಲಿನ್ ಸ್ಪಂದನೆ ಸುಧಾರಿಸಲೇ ಇಲ್ಲ. ನೆಲ್ಲಿಕಾಯಿ, ಸೊಪ್ಪು ಊಟದಲ್ಲಿರಲಿ, ಮಾತ್ರೆ ಬೇಡ.

ಅಪಾಯ ಇರೋದು ಅಭ್ಯಾಸವಿಲ್ಲದ ಮೈಗೆ ದಿಢೀರ್ ಹೊರೆ ಹಾಕೋದರಲ್ಲಿ. 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಪ್ರಕಾರ, ಭಾರಿ ಶ್ರಮದ ನಂತರದ ಒಂದು ತಾಸಿನಲ್ಲಿ ಹೃದಯಾಘಾತದ ಸಾಧ್ಯತೆ ಕೂತೇ ಇರೋರಲ್ಲಿ ನೂರು ಪಟ್ಟು ಏರುತ್ತೆ. ವಾರಕ್ಕೆ ಐದು ದಿನ ಮೈ ದಂಡಿಸೋರಲ್ಲಿ ಸುಮಾರು ಎರಡೂವರೆ ಪಟ್ಟು, ಅಷ್ಟೇ.

ನಾಡಿಲೆಕ್ಕ:
ಹಾಗಾದರೆ ಮೊದಲ ನಾಲ್ಕು ವಾರ ಗಿರಿ ಬಿಡಿ. ವಾರಕ್ಕೆ ಐದು ದಿನ, 30 ನಿಮಿಷ, 400 ಮೀಟರ್ ಸುತ್ತು 4 ನಿಮಿಷಕ್ಕೆ ಮುಗಿಯೋ ಹಾಗೆ ನಡೆಯಿರಿ. 48ಕ್ಕೆ ನಿಮಿಷದ ಗರಿಷ್ಠ ಹೃದಯಬಡಿತ 208ರಲ್ಲಿ ವಯಸ್ಸಿನ 0.7 ಪಟ್ಟು ಕಳೆದರೆ ಸುಮಾರು 174. ಅದರ 64ರಿಂದ 76 ಶೇಕಡಾ ಅಂದರೆ 111-132, ಇದು ಮಧ್ಯಮ ತೀವ್ರತೆ. ನಿಂತ ತಕ್ಷಣ ಮಣಿಕಟ್ಟಿಗೆ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. 28ರಿಂದ 33 ಬಡಿತ ಸಿಗಬೇಕು. ಪೂರ್ತಿ ನಿಮಿಷ ಎಣಿಸಿದರೆ ಅಷ್ಟರಲ್ಲಿ ಬಡಿತ ಇಳಿದು ಲೆಕ್ಕ ತಪ್ಪುತ್ತೆ. ಹೆಬ್ಬೆರಳಿಡಬೇಡಿ, ಅದರದೇ ನಾಡಿ ಸೇರಿಕೊಳ್ಳುತ್ತೆ.

ಐದನೇ ವಾರದಿಂದ ನಿಮ್ಮೂರಿನದೇ ಗುಡ್ಡ ರತ್ನಗಿರಿ ಬೋರೆಯ ಏರಿನಲ್ಲಿ ಒಂದು ನಿಮಿಷ ಬಿರುಸು, ಎರಡು ನಿಮಿಷ ನಿಧಾನ, ಆರು ಸುತ್ತು. ವಾರಕ್ಕೆ ಎರಡೇ ದಿನ, ಒಂದರ ಹಿಂದೆ ಒಂದು ಬೇಡ. ಆಮೇಲೆ ಗಿರಿ.

ಹಾಸನ_ನಡಿಗೆ:
ಬಿಪಿ, ಹೃದಯದ ತೊಂದರೆಗೆ ಕೊಡೋ ಮೆಟೊಪ್ರೊಲಾಲ್, ಅಟೆನೊಲಾಲ್ ಮಾತ್ರೆ ತಗೊಳ್ಳೋರಿಗೆ ಮೇಲಿನ ಅಂಕಿ ಹೊಂದಲ್ಲ, ಬಡಿತವನ್ನೇ ಅವು ತಡೆಹಿಡಿಯುತ್ತವೆ. ಅಂಥವರು ಮಾತಾಡಬಹುದು, ಹಾಡೋಕಾಗಲ್ಲ ಅನ್ನೋ ಮಟ್ಟದಲ್ಲಿರಲಿ. 2025ರಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ಜನ ಇಸಿಜಿಗೆ ಸಾಲುಗಟ್ಟಿದರು. ಆದರೆ ಮಲಗಿ ತೆಗೆದ ಇಸಿಜಿ ನಾರ್ಮಲ್ ಅಂದಮಾತ್ರಕ್ಕೆ ಬ್ಲಾಕ್ ಇಲ್ಲ ಅಂತಲ್ಲ. ಮನೆತನದಲ್ಲಿ ಹೃದ್ರೋಗ ಇದ್ದರೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇಸಿಜಿ ನೋಡೋ ಪರೀಕ್ಷೆ) ಬೇಕಾ ಅಂತ ವೈದ್ಯರನ್ನು ಕೇಳಿ. ಏರುವಾಗ ಎದೆ ಹಿಡಿದು, ದವಡೆ ಅಥವಾ ತೋಳಿಗೆ ನೋವು ಹರಿದು ತಣ್ಣನೆ ಬೆವರಿದರೆ ಗ್ಯಾಸ್ ಅಂದ್ಕೊಂಡು ಕಾಯಬೇಡಿ. ಅಲ್ಲೇ ಕೂತು 108ಕ್ಕೆ ಕರೆ ಮಾಡಿ.