ಲಿಸ್ಟ್ ಮಧ್ಯದಲ್ಲಿದ್ದಾಗಲೇ ರಿಫ್ರೆಶ್ ಶುರುವಾಗುತ್ತದೆ, ಯಾಕೆ?

ಪ್ರಶ್ನೆ: ಆಂಡ್ರಾಯ್ಡ್ ಆ್ಯಪ್‌ನಲ್ಲಿ, ಕೆಳಗೆ ಎಳೆದಾಗ ರಿಫ್ರೆಶ್ ಮಾಡುವ ಸ್ವೈಪ್‌ರಿಫ್ರೆಶ್‌ಲೇಔಟ್ ಒಳಗೆ ಫ್ರೇಮ್‌ಲೇಔಟ್ (ಬೇರೆ ವ್ಯೂಗಳನ್ನು ಹಿಡಿದಿಡುವ ಚೌಕಟ್ಟು), ಅದರೊಳಗೆ ಲಿಸ್ಟ್‌ವ್ಯೂ ಮತ್ತು 'ಏನೂ ಇಲ್ಲ' ಎನ್ನುವ ಟೆಕ್ಸ್ಟ್. ಅರ್ಧ ಕೆಳಗಿಳಿದು ಮತ್ತೆ ಮೇಲಕ್ಕೆ ಹೋಗಲು ಎಳೆದರೆ ಲಿಸ್ಟ್ ಸರಿಯುವ ಬದಲು ರಿಫ್ರೆಶ್ ಚಕ್ರ ಬರುತ್ತದೆ. ನೆಟ್ ಇಲ್ಲದಿದ್ದರೆ ಅದು ನಿಲ್ಲುವುದೂ ಇಲ್ಲ.

ಉತ್ತರ 1: 'ಇನ್ನೂ ಮೇಲೆ ಸರಿಯಬಹುದೇ' ಎಂದು ಸ್ವೈಪ್‌ರಿಫ್ರೆಶ್‌ಲೇಔಟ್ ಕೇಳುವುದು ತನ್ನ ನೇರ ಮಗುವಾದ ಫ್ರೇಮ್‌ಲೇಔಟನ್ನು. ಅದು ಸ್ಕ್ರೋಲ್ ಆಗುವುದೇ ಇಲ್ಲ, ಹಾಗಾಗಿ ಉತ್ತರ ಯಾವಾಗಲೂ 'ಇಲ್ಲ'. ಸೆಟ್‌ಆನ್‌ಚೈಲ್ಡ್‌ಸ್ಕ್ರೋಲ್‌ಅಪ್‌ಕಾಲ್‌ಬ್ಯಾಕ್ ಹಾಕಿ, ಅದರಲ್ಲಿ ಲಿಸ್ಟ್‌ನ ಕ್ಯಾನ್‌ಸ್ಕ್ರೋಲ್‌ವರ್ಟಿಕಲಿ(-1) (-1 ಎಂದರೆ ಮೇಲಕ್ಕೆ) ಕೊಡುವ ಉತ್ತರವನ್ನೇ ಹಿಂದಿರುಗಿಸಿ. ರಿಸೈಕ್ಲರ್‌ವ್ಯೂಗೆ ಬದಲಾದರೆ ಇನ್ನೂ ಒಳ್ಳೆಯದು. ಆಗ ನೆಸ್ಟೆಡ್ ಸ್ಕ್ರೋಲಿಂಗ್ (ಒಳಗಿನ ಲಿಸ್ಟ್ ತನ್ನ ಸ್ಕ್ರೋಲ್ ಅನ್ನು ಹೊರಗಿನ ಲೇಔಟ್‌ಗೆ ತಿಳಿಸುವ ವ್ಯವಸ್ಥೆ) ಆಫ್ ಮಾಡದಿದ್ದರೆ ಸಾಕು.

ಉತ್ತರ 2: ಚಕ್ರ ನಿಲ್ಲದಿರಲು ಕಾರಣ, ಈಸ್‌ರಿಫ್ರೆಶಿಂಗ್ ಫಾಲ್ಸ್ ಆಗುವುದು ಯಶಸ್ಸಿನ ದಾರಿಯಲ್ಲಿ ಮಾತ್ರ. ಆ ಸಾಲನ್ನು ಫೈನಲಿ ಬ್ಲಾಕ್‌ಗೆ (ಯಶಸ್ಸಾದರೂ ಸೋತರೂ ಓಡುವ ಭಾಗಕ್ಕೆ) ಸರಿಸಿ. ಅಂದಹಾಗೆ, ಕೋಡ್‌ನಿಂದ ಈಸ್‌ರಿಫ್ರೆಶಿಂಗ್ ಅನ್ನು ಟ್ರೂ ಮಾಡಿದರೆ ಚಕ್ರ ಕಾಣುತ್ತದೆ ಅಷ್ಟೇ, ಲಿಸನರ್ (ಎಳೆದಾಗ ಓಡುವ ಕೋಡ್) ಓಡುವುದಿಲ್ಲ. ಲೋಡ್ ಫಂಕ್ಷನ್ನನ್ನು ನೀವೇ ಕರೆಯಬೇಕು.

ಉತ್ತರ 3: ಎಳೆದ ಕೂಡಲೇ ಹಳೆಯ ಸಾಲುಗಳನ್ನು ಅಳಿಸಬೇಡಿ, ಹೊಸ ಡೇಟಾ ಕೈಗೆ ಬಂದ ಮೇಲೆ ಬದಲಿಸಿ. ಪೇಜಿಂಗ್ (ಡೇಟಾವನ್ನು ಪುಟಪುಟವಾಗಿ ತರುವುದು) ಇದ್ದರೆ ಬಾಕಿ ಇರುವ 'ಮುಂದಿನ ಪುಟ' ರಿಕ್ವೆಸ್ಟ್ ರದ್ದು ಮಾಡಿ. ಇಲ್ಲದಿದ್ದರೆ 1ನೇ ಪುಟದ ಹಿಂದೆಯೇ ಹಳೆಯ 4ನೇ ಪುಟ ಬಂದು ಅಂಟಿಕೊಳ್ಳುತ್ತದೆ.

ಉತ್ತರ 4: ಫ್ಲಟರ್‌ನಲ್ಲಿ (ಆ್ಯಪ್ ಕಟ್ಟುವ ಇನ್ನೊಂದು ಸಾಧನ) ಬರೆಯುವವರಿಗೆ ಸಮಸ್ಯೆ ಉಲ್ಟಾ: ಸಾಲುಗಳು ಕಡಿಮೆ ಇದ್ದರೆ ಎಳೆದರೂ ಏನೂ ಆಗದಿರಬಹುದು. ಆಲ್ವೇಸ್‌ಸ್ಕ್ರೋಲಬಲ್‌ಸ್ಕ್ರೋಲ್‌ಫಿಸಿಕ್ಸ್ ಕೊಡಿ.