ಪದಚರ್ಚೆ: ನಿಂತಲ್ಲೇ ಹುಟ್ಟುವ ಸಂಗೀತಕ್ಕೂ ಅದರೊಳಗೆ ಬರುವ ಸದ್ದಿಗೂ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಎರಡು ಪದಗಳ ವಿಚಾರದಲ್ಲಿ ನಿಮ್ಮ ನೆರವು ಬೇಕು. ನಾವು ಕೆಲವರು ಬೆಂಗಳೂರಿನಲ್ಲಿ ಸೇರಿ ಫ್ರೀ ಜಾಝ್ ನುಡಿಸುತ್ತೇವೆ. ನಾನು ಕ್ಲಾರಿನೆಟ್ ಊದುತ್ತೇನೆ. ಜೊತೆಗೆ ಡಬಲ್ ಬಾಸ್, ಡ್ರಮ್ಸ್, ಖಂಜಿರ. ಮೊದಲೇ ಬರೆದಿಟ್ಟ ಟ್ಯೂನ್ ಇರುವುದಿಲ್ಲ, ಇಂಥದೇ ರಾಗ ಅಂತಿಲ್ಲ, ತಾಳದ ಲೆಕ್ಕವೂ ಇಲ್ಲ. ಒಬ್ಬರು ಶುರು ಮಾಡುತ್ತಾರೆ, ಉಳಿದವರು ಕಿವಿಗೊಟ್ಟು ಕೇಳುತ್ತಾ ಸೇರಿಕೊಳ್ಳುತ್ತಾರೆ. ಮುಂದಿನ ಕಾರ್ಯಕ್ರಮಕ್ಕೆ ಕನ್ನಡದಲ್ಲಿ ಒಂದು ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರುವವರಲ್ಲಿ ಜಾಸ್ತಿ ಜನ ಇದನ್ನು ಮೊದಲ ಸಲ ಕೇಳುವವರು. ಅವರು ಕರಪತ್ರ ಓದಿ ಹೆದರಬಾರದು, ಹಾಗಂತ ಬೇರೇನನ್ನೋ ನಿರೀಕ್ಷಿಸಿಕೊಂಡೂ ಬರಬಾರದು.

ಮೊದಲ ತೊಡಕು ಹೆಸರಿನಲ್ಲೇ ಇದೆ. ಗೋಡೆಗೆ 'ಫ್ರೀ ಜಾಝ್' ಅಂತ ಅಂಟಿಸಿದರೆ ನಮ್ಮ ಜನ ಅದನ್ನು ಪುಕ್ಕಟೆ ಅಂತಲೇ ಓದುತ್ತಾರೆ. ಕನ್ನಡದಲ್ಲಿ ಫ್ರೀ ಅಂದರೆ ಅದೇ ಅಲ್ವಾ? ಒಂದು ಕೊಂಡರೆ ಒಂದು ಫ್ರೀ, ಬಸ್ ಫ್ರೀ. ಈ ಹೆಸರು ಬಂದಿದ್ದು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ಒಂದು ಆಲ್ಬಮ್‌ನಿಂದ. 1960ರ ಡಿಸೆಂಬರ್ 21ರಂದು ನ್ಯೂಯಾರ್ಕಿನಲ್ಲಿ ಅದರ ರೆಕಾರ್ಡಿಂಗ್ ಆಯಿತು. ಎಂಟು ಜನ, ಅಂದರೆ ಎರಡು ಕ್ವಾರ್ಟೆಟ್. ಒಂದು ಎಡ ಸ್ಪೀಕರಿನಲ್ಲಿ, ಇನ್ನೊಂದು ಬಲ ಸ್ಪೀಕರಿನಲ್ಲಿ. ಸುಮಾರು 37 ನಿಮಿಷ ಒಂದೇ ಉಸಿರಿನಲ್ಲಿ ಸಾಗುತ್ತದೆ. ಆಲ್ಬಮ್‌ನ ಹೆಸರೇ ಆಮೇಲೆ ಇಡೀ ಬಗೆಗೆ ಹೆಸರಾಯಿತು. ಗಮನಿಸಬೇಕಾದ್ದೇನೆಂದರೆ, ಅದರಲ್ಲೂ ಒಬ್ಬರ ಸರದಿ ಮುಗಿದು ಇನ್ನೊಬ್ಬರ ಸರದಿ ಶುರುವಾಗುವಾಗ ಎಲ್ಲರೂ ಕೂಡಿ ಊದುವ, ಮೊದಲೇ ಬರೆದಿಟ್ಟ ತುಣುಕುಗಳಿವೆ. ಹಾಗಾಗಿ 'ಮುಕ್ತ ಜಾಝ್' ಅನ್ನುವಾಗ ಯಾವುದರಿಂದ ಮುಕ್ತ ಅನ್ನುವ ಪ್ರಶ್ನೆ ಉಳಿದೇ ಇರುತ್ತದೆ. ಪತ್ರಿಕೆಗಳಲ್ಲಿ 'ಮುಕ್ತ' ಅನ್ನುವುದು ಈಗಾಗಲೇ ವಿಶ್ವವಿದ್ಯಾಲಯಕ್ಕೂ ಮಾರುಕಟ್ಟೆಗೂ ಹಂಚಿಹೋಗಿದೆ. ನನಗೆ ಅದು ರುಚಿಸುತ್ತಿಲ್ಲ.

'ಮನೋಧರ್ಮ ಸಂಗೀತ' ಅನ್ನಿ ಅಂತ ಹಲವರು ಹೇಳಿದರು. ಕರ್ನಾಟಕ ಸಂಗೀತದವರ ಬಾಯಲ್ಲಿ ಅದು ಬಹಳ ತೂಕದ ಮಾತು. ಆಲಾಪನೆ, ತಾನ, ನೆರವಲ್, ಕಲ್ಪನಾಸ್ವರ ಎಲ್ಲವೂ ಅದರೊಳಗೆ ಬರುತ್ತವೆ. ಆದರೆ ಅಲ್ಲಿ ರಾಗ ಅನ್ನುವ ಮನೆ ಇದೆ, ಮನೋಧರ್ಮ ಓಡಾಡುವುದು ಆ ಮನೆಯೊಳಗೆ. ನಮ್ಮಲ್ಲಿ ಮನೆಯನ್ನೂ ಅಲ್ಲೇ ಕಟ್ಟಬೇಕು. ಇನ್ನೊಂದು, ಸಂಗೀತ ಕಲಿಯದವರಿಗೆ ಮನೋಧರ್ಮ ಅಂದರೆ ಸ್ವಭಾವ. 'ಅವನ ಮನೋಧರ್ಮವೇ ಹಾಗೆ' ಅಂತ ದಿನಾ ಬಳಸುವ ಮಾತನ್ನು ಕರಪತ್ರದಲ್ಲಿ ಕಂಡರೆ ಅವರು ಏನಂದುಕೊಳ್ಳಬೇಕು?

ಇನ್ನು 'ಆಶು'. ಅವಧಾನದಲ್ಲಿ ಆಶುಕವಿತೆ ಇದೆ, ಶಾಲೆಯಲ್ಲಿ ಆಶುಭಾಷಣ ಸ್ಪರ್ಧೆ ಇದೆ. ಅರ್ಥ ಎಲ್ಲರಿಗೂ ಆಗುತ್ತದೆ. ಆದರೆ ಆ ಪದದ ಮೂಲದಲ್ಲೇ ಬೇಗ, ಚುರುಕು ಅನ್ನುವ ಅರ್ಥ ಕೂತಿದೆ. ಚೀಟಿ ಎತ್ತಿ ತಕ್ಷಣ ಮಾತಾಡಬೇಕು ಅನ್ನುವ ಪರೀಕ್ಷೆಯ ಗಡಿಬಿಡಿಯೂ ಅಂಟಿಕೊಂಡಿದೆ. ನಮ್ಮ ಸಂಗೀತದಲ್ಲಿ ಎಷ್ಟೋ ಹೊತ್ತು ಯಾರೂ ಏನೂ ನುಡಿಸದೆ ಸುಮ್ನೆ ಕಾಯುವುದೂ ಉಂಟು. ಅದನ್ನು ಆಶು ಅನ್ನಲು ಮನಸ್ಸು ಬಾರದು.

ನನ್ನ ಒಲವು 'ಕಟ್ಟು' ಕಡೆಗಿದೆ. ಉತ್ತರ ಕರ್ನಾಟಕದಲ್ಲಿ ಪದ ಕಟ್ಟುತ್ತಾರೆ, ಲಾವಣಿ ಕಟ್ಟುತ್ತಾರೆ. ಹಾಡಿನಲ್ಲೇ ಎದುರುಬದುರು ವಾದಿಸುವ ಹರದೇಶಿ ನಾಗೇಶಿ ಮೇಳಗಳ ಸವಾಲು ಜವಾಬು ಕೇಳಿದವರಿಗೆ ಈ 'ಕಟ್ಟಿ ಹಾಡೋದು' ಏನಂತ ಗೊತ್ತು. ಲಯವಾದ್ಯದವರು ಬಾಯಲ್ಲಿ ಹೇಳುವ ತಕಧಿಮಿಯಂಥ ಸೊಲ್ಲುಗಳಿಗೆ ಇರುವ 'ಸೊಲ್ಲುಕಟ್ಟು' ಪದದಲ್ಲೂ ಅದೇ ಕಟ್ಟು ಇದೆ. ತಮಾಷೆಯ ಮಾತಲ್ಲ, 'ಕಟ್ಟುಪಾಡು' ಅನ್ನುವಾಗಲೂ ಅದೇ. ಹಾಡು ಕಟ್ಟುವುದಕ್ಕೂ ನಿಯಮಕ್ಕೆ ಕಟ್ಟುಬೀಳುವುದಕ್ಕೂ ಒಂದೇ ಧಾತು ಇರುವ ಭಾಷೆ ನಮ್ಮದು. ಆದರೆ 'ಪದ ಕಟ್ಟಿದ' ಅಂದರೆ ಮನೆಯಲ್ಲಿ ಕೂತು ಮೊದಲೇ ಕಟ್ಟಿದ್ದೋ, ಜನರ ಮುಂದೆ ಆಗಿಂದಾಗ ಕಟ್ಟಿದ್ದೋ ತಿಳಿಯುವುದಿಲ್ಲ. ಅದಕ್ಕೆ 'ನಿಂತಲ್ಲೇ ಕಟ್ಟುವ ಸಂಗೀತ' ಅಂತ ಬರೆದುಕೊಂಡಿದ್ದೇನೆ. 'ನಿಂತ ನಿಲುವಿನಲ್ಲೇ' ಅನ್ನುವ ನುಡಿಗಟ್ಟು ಹೇಗೂ ಎಲ್ಲರ ಬಾಯಲ್ಲಿದೆ. ಒಂದೇ ಪದ ಬೇಕು ಅನ್ನುವವರಿಗೆ ಇದು ಉದ್ದವಾಯಿತು. ಲಾವಣಿಯವರಲ್ಲಿ ಇದಕ್ಕೆ ಬೇರೆ ಮಾತೇ ಇರಬಹುದು ಅನ್ನುವುದು ನನ್ನ ಗುಮಾನಿ.

ಇಂಗ್ಲೆಂಡಿನ ಗಿಟಾರ್ ವಾದಕ ಡೆರೆಕ್ ಬೈಲಿ ಇದರ ಬಗ್ಗೆ 1980ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಿಂತಲ್ಲೇ ಕಟ್ಟುವುದಕ್ಕೆ ಇಂಗ್ಲಿಷಿನಲ್ಲಿರುವ ಇಂಪ್ರೊವೈಸೇಶನ್ ಅನ್ನುವ ಪದವನ್ನು ಅದನ್ನೇ ಮಾಡುವ ವಾದಕರು ಬಳಸುವುದು ಬಹಳ ಕಮ್ಮಿ ಅನ್ನುತ್ತಾರೆ ಅವರು. ಸ್ಪೇನಿನ ಫ್ಲಮೆಂಕೊ ಸಂಗೀತದವರು ಫ್ಲಮೆಂಕೊ ನುಡಿಸುತ್ತೇವೆ ಅನ್ನುತ್ತಾರೆ, ಕೆಲವರು ಬರೀ ನುಡಿಸುತ್ತೇವೆ ಅನ್ನುತ್ತಾರೆ, ಅಷ್ಟೇ. ನಮ್ಮಲ್ಲೂ ಹಾಗೇ ಅಲ್ವಾ? ನಾದಸ್ವರದವರನ್ನು ಕೇಳಿ. ಊದೋದು, ಬಾರಿಸೋದು, ನುಡಿಸೋದು. ಅದರಲ್ಲೂ 'ನುಡಿಸು' ಎಂಥ ಪದ ನೋಡಿ! ವಾದ್ಯದ ಕೈಯಲ್ಲಿ ನುಡಿ ಆಡಿಸುವುದು. 1960ರ ಒಂದು ಜಾಝ್ ರೆಕಾರ್ಡಿಂಗಿನಲ್ಲಿ ಎರಿಕ್ ಡಾಲ್ಫಿಯ ಬಾಸ್ ಕ್ಲಾರಿನೆಟ್ಟೂ ಚಾರ್ಲ್ಸ್ ಮಿಂಗಸ್‌ನ ಡಬಲ್ ಬಾಸೂ ನಡುವೆ ತಾಳ ಬಿಟ್ಟು ಎದುರುಬದುರಾಗಿ ನಿಲ್ಲುತ್ತವೆ. ಡಾಲ್ಫಿ ಮಿಂಗಸ್‌ನ ತಂಡ ಬಿಟ್ಟು ಹೊರಡುವವನಿದ್ದ, ಜಗಳ ಅದರದ್ದೇ. ಒಂದೂ ಮಾತಿಲ್ಲದೆ ಯಾರು ಬೇಡುತ್ತಿದ್ದಾರೆ, ಯಾರು ಸಿಡುಕುತ್ತಿದ್ದಾರೆ ಎಲ್ಲ ತಿಳಿಯುತ್ತದೆ. ಅದನ್ನು ಕೇಳಿದ ಮೇಲೆ 'ನುಡಿಸು' ಬಿಟ್ಟು 'ಪ್ರದರ್ಶಿಸು' ಅಂತ ಬರೆಯಲು ನನಗೆ ಕೈ ಬರುವುದಿಲ್ಲ.

ಎರಡನೆಯ ಪದ ಇನ್ನೂ ಕಷ್ಟ. ನಾವು ನುಡಿಸುವಾಗ ಸುತ್ತಲಿನ ಸದ್ದೂ ಸಂಗೀತದೊಳಗೆ ಬರುತ್ತದೆ. ಅದನ್ನು ಹೊರಗೆ ತಳ್ಳುವುದಿಲ್ಲ, ಕರೆದು ಕೂರಿಸಿಕೊಳ್ಳುತ್ತೇವೆ. ನಾವು ಅಭ್ಯಾಸ ಮಾಡುವ ಕೋಣೆಯ ಕೆಳಗೆ ಒಂದು ವೆಲ್ಡಿಂಗ್ ಅಂಗಡಿ ಇದೆ. ಸಂಜೆ ಅದರ ರೋಲಿಂಗ್ ಶಟರ್ ಎಳೆಯುವಾಗ ಮೊದಲು ಕಿರ್ರ್ ಅಂತ ಮೊನಚಾಗಿ ಶುರುವಾಗುತ್ತದೆ, ಆಮೇಲೆ ಗಡಗಡ, ಇಳಿಯುತ್ತಾ ಇಳಿಯುತ್ತಾ ವೇಗ ಹೆಚ್ಚಿ ಕೊನೆಗೆ ನೆಲಕ್ಕೆ ಧಡ್. ಬಾಸ್ ನುಡಿಸುವ ಗೆಳತಿ ಆ ಕಿರ್ರ್ ಕೇಳಿದ ಕೂಡಲೇ ಕಮಾನನ್ನು ದಪ್ಪ ತಂತಿಯ ಮೇಲೆ ಒತ್ತಿ ಎಳೆಯುತ್ತಾರೆ. ಗಡಗಡಕ್ಕೆ ಖಂಜಿರ ಸೇರುತ್ತದೆ. ಧಡ್ ಆದ ಮೇಲಿನ ಖಾಲಿ ಜಾಗ ನನ್ನದು. ಅಲ್ಲಿ ಒಂದೇ ಒಂದು ಸ್ವರ, ತುಂಬಾ ಮೆಲ್ಲಗೆ. ಈ ಶಟರಿನ ಸದ್ದಿಗೆ ಕರಪತ್ರದಲ್ಲಿ ಯಾವ ಪದ ಹಾಕಲಿ?

'ದಿನನಿತ್ಯದ ಶಬ್ದಗಳು' ಅಂತ ಬರೆದೆ. ಓದಿದವರು ಅದನ್ನು ದಿನಬಳಕೆಯ ಪದಗಳು ಅಂದುಕೊಂಡರು. ತಪ್ಪು ಅವರದಲ್ಲ. ಶಬ್ದಕೋಶ ಅನ್ನುವುದು ನಮ್ಮದೇ ಮಾತು. ಕೇಶಿರಾಜನ ಶಬ್ದಮಣಿದರ್ಪಣದಲ್ಲೂ ಶಬ್ದ ಅಂದರೆ ನುಡಿಯೇ. (ಅದು ನಾಭಿಯ ಬುಡದಿಂದ ಕಹಳೆಯ ಹಾಗೆ ಹುಟ್ಟುತ್ತದೆ ಅಂತ ಅವನು ಹೇಳಿರುವುದು ಊದುವವಳಾದ ನನಗೆ ಬಹಳ ಪ್ರೀತಿಯ ಮಾತು. ಹೊಟ್ಟೆಯಿಂದ ಉಸಿರು ತರದೆ ಕ್ಲಾರಿನೆಟ್ ನುಡಿಯುವುದಿಲ್ಲ.) ಇನ್ನೊಂದು ಕಡೆ 'ಶಬ್ದಮಾಲಿನ್ಯ' ಬಂದು ಪದಕ್ಕೆ ಮಸಿ ಹತ್ತಿದೆ. 'ನಾದ' ಅಂದರೆ ಮೊದಲೇ ಇಂಪು ಅಂತ ಒಪ್ಪಿಕೊಂಡ ಹಾಗೆ. ಶಟರಿಗೆ ನಾದ ಅಂದರೆ ಅದು ಸುಳ್ಳಾಗುತ್ತದೆ. ಅದು ಇಂಪಾಗಿಲ್ಲ, ಆದರೂ ಸಂಗೀತದಲ್ಲಿ ಅದಕ್ಕೆ ಜಾಗ ಇದೆ ಅನ್ನುವುದೇ ನಮ್ಮ ಮಾತು.

'ಸದ್ದು' ನನಗೆ ಇಷ್ಟ. ಮೇಷ್ಟ್ರು ತರಗತಿಗೆ ಬಂದು 'ಸದ್ದು!' ಅಂತ ಗದರಿದರೆ ಮಕ್ಕಳು ಸುಮ್ಮನಾಗುತ್ತಿದ್ದರು. ಸದ್ದಿಗೂ ಸದ್ದಡಗುವುದಕ್ಕೂ ಒಂದೇ ಪದ. ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ ಅವರ 4 ನಿಮಿಷ 33 ಸೆಕೆಂಡಿನ ಕೃತಿ 1952ರ ಆಗಸ್ಟ್‌ನಲ್ಲಿ ವುಡ್‌ಸ್ಟಾಕ್‌ನಲ್ಲಿ ಮೊದಲ ಸಲ ನಡೆದಾಗ ಪಿಯಾನೊ ಮುಂದೆ ಕೂತ ಡೇವಿಡ್ ಟ್ಯೂಡರ್ ಒಂದು ಸ್ವರವನ್ನೂ ಒತ್ತಲಿಲ್ಲ. ಕೇಳಿಸಿದ್ದು ಹೊರಗಿನ ಗಾಳಿ, ಸೂರಿನ ಮೇಲೆ ಮಳೆಹನಿ, ಆಮೇಲೆ ಜನರ ಗೊಣಗಾಟ. ನಮ್ಮ ಮೇಷ್ಟ್ರ 'ಸದ್ದು!' ಆ ಕೃತಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಈಗ ಸಿನಿಮಾ ಪುಟಗಳಲ್ಲಿ ದಿನಾ ಯಾವುದೋ ಟ್ರೈಲರ್ 'ಸದ್ದು ಮಾಡುತ್ತಿದೆ'.

'ಸಪ್ಪಳ' ಹೇಗೆ? ಧಾರವಾಡದ ಕಡೆ ಎಲ್ಲ ಸದ್ದಿಗೂ ಸಪ್ಪಳವೇ. ನಮ್ಮ ಕಡೆ ಮಾತ್ರ ಅದು ಹೆಜ್ಜೆ ಸಪ್ಪಳ, ಗೆಜ್ಜೆ ಸಪ್ಪಳ, ಪಾತ್ರೆ ಸಪ್ಪಳ ಅಂತ ಒಂದು ವಸ್ತುವಿನ ಜೊತೆಗೇ ಬರುತ್ತದೆ. ಆ ಜೊತೆ ನನಗೆ ಬೇಕಾದದ್ದು. ಯಾರದೋ ಕೈ, ಯಾವುದೋ ವಸ್ತು ಅದರ ಹಿಂದೆ ಇದೆ ಅನ್ನುವುದು ಪದದಲ್ಲೇ ಕೇಳಿಸುತ್ತದೆ. ಲಂಡನ್ನಿನಲ್ಲಿ 1965ರಲ್ಲಿ ಶುರುವಾದ, ನಿಂತಲ್ಲೇ ಕಟ್ಟಿ ನುಡಿಸುವ ಎಎಂಎಂ ಅನ್ನುವ ತಂಡದ ಕೀತ್ ರೋ ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ಪಕ್ಕದಲ್ಲಿ ರೇಡಿಯೊ ಇಟ್ಟುಕೊಂಡು ನುಡಿಸುತ್ತಿದ್ದರು. ಆ ಹೊತ್ತಿಗೆ ರೇಡಿಯೊದಲ್ಲಿ ಏನು ಬರುತ್ತದೋ ಅದೂ ಸಂಗೀತವೇ. ಅಂಥ ಕಡೆ ಗದ್ದಲ ಅನ್ನುವವರಿಗಿಂತ ಸಪ್ಪಳ ಅನ್ನುವವರು ಹತ್ತಿರದಿಂದ ಕೇಳಿದ್ದಾರೆ ಅನ್ನಿಸುತ್ತದೆ.

ನಿಜ ಹೇಳಬೇಕೆಂದರೆ ಕನ್ನಡದ ಶಕ್ತಿ ಇಂಥ ಒಂದು ಪದದಲ್ಲಿಲ್ಲ, ಅನುಕರಣದ ಪದಗಳಲ್ಲಿದೆ. ಕಿಣಿಕಿಣಿ ಸಣ್ಣ ಗಂಟೆ, ಗಣಗಣ ದೊಡ್ಡ ಗಂಟೆ. ಟಪಟಪ ಹನಿ, ದಬದಬ ಬಡಿತ. ವಸ್ತು ದೊಡ್ಡದಾದ ಹಾಗೆ ಕಕಾರ ಗಕಾರವಾಗುತ್ತದೆ, ಟಕಾರ ದಕಾರವಾಗುತ್ತದೆ, ಇಕಾರ ಅಕಾರವಾಗುತ್ತದೆ. ಎತ್ತರದ ಸ್ವರ, ತಗ್ಗಿನ ಸ್ವರ ಅನ್ನುವ ತಿಳಿವಳಿಕೆ ಪದದೊಳಗೇ ಇದೆ. ಆದರೂ ಕೆಲವು ಕಡೆ ಕೊರತೆ ಇದೆ. ನಲ್ಲಿಯ ಕೆಳಗೆ ಕೊಡ ಇಡಿ. ನೀರು ತುಂಬುತ್ತಾ ಬಂದ ಹಾಗೆ ಸದ್ದು ಮೇಲಕ್ಕೆ ಏರುತ್ತದೆ, ಏಕೆಂದರೆ ಒಳಗಿನ ಗಾಳಿಯ ಉದ್ದ ಕಮ್ಮಿಯಾಗುತ್ತಾ ಹೋಗುತ್ತದೆ. ಪಕ್ಕದ ಕೋಣೆಯಲ್ಲಿದ್ದರೂ ಕೊಡ ತುಂಬಿತು ಅಂತ ಗೊತ್ತಾಗುವುದು ಹೀಗೆ. ಅದೇ ಕೊಡದ ಮೈಯನ್ನು ಬೆರಳಿನಿಂದ ತಟ್ಟುತ್ತಾ ಹೋದರೆ, ನೀರು ಹೆಚ್ಚಿದಷ್ಟೂ ಸ್ವರ ಇಳಿಯುತ್ತದೆ, ಜಲತರಂಗದ ಬಟ್ಟಲಿನಲ್ಲಿ ಆಗುವ ಹಾಗೆ. ಒಂದೇ ಕೊಡ, ಒಂದು ಆರೋಹಣ, ಒಂದು ಅವರೋಹಣ. ಈ ಏರುವ ಸದ್ದಿಗೆ ಜುಳುಜುಳು ಸಾಲದು, ಗುಳುಗುಳು ಸಾಲದು. ಏರಿಕೆಯನ್ನು ಹೇಳುವ ಪದ ನಿಮ್ಮ ಮನೆಗಳಲ್ಲಿ ಇದೆಯಾ?

ಸ್ವರಗಳ ನಡುವಿನ ಸ್ವರಕ್ಕೂ ಇದೇ ಪಾಡು. ಡಾಲ್ಫಿ ಅಭ್ಯಾಸದ ನಡುವೆ ಹಕ್ಕಿ ಕೂಗಿದರೆ ತನ್ನ ಪಾಠ ಬಿಟ್ಟು ಅವುಗಳ ಜೊತೆ ನುಡಿಸುತ್ತಿದ್ದನಂತೆ. ನಮ್ಮ ಸ್ವರಗಳ ಮಧ್ಯೆ ಹಕ್ಕಿಗಳಿಗೆ ಬೇರೆ ಸ್ವರಗಳಿವೆ, ಭಾರತದ ಸಂಗೀತದಲ್ಲೂ ಅಂಥ ಗುಣ ಇದೆ ಅಂತ 1962ರ ಒಂದು ಸಂದರ್ಶನದಲ್ಲಿ ಹೇಳಿದ್ದಾನೆ. ಇದಕ್ಕೆ 'ಶ್ರುತಿ' ಅನ್ನಬಹುದು, ಆದರೆ ಹೊಸ ಕೇಳುಗರಿಗೆ ಶ್ರುತಿ ಅಂದರೆ ಶ್ರುತಿಪೆಟ್ಟಿಗೆ ಮಾತ್ರ.

ಕೊನೆಗೆ ನನ್ನ ಬೇಡಿಕೆ ಇಷ್ಟು. ಲಾವಣಿ, ಗೀಗೀ ಮೇಳ, ತಾಳಮದ್ದಳೆಯ ಒಡನಾಟ ಇರುವವರು, ನಿಂತಲ್ಲೇ ಕಟ್ಟುವುದಕ್ಕೆ ಕಲಾವಿದರು ತಮ್ಮ ತಮ್ಮಲ್ಲಿ ಯಾವ ಮಾತು ಬಳಸುತ್ತಾರೆ ತಿಳಿಸಿ. ಸದ್ದು, ಸಪ್ಪಳ ಎರಡರಲ್ಲಿ ನಿಮ್ಮ ಕಡೆ ಯಾವುದು ಯಾವುದಕ್ಕೆ ಸಲ್ಲುತ್ತದೆ ಅಂತಲೂ ಬರೆಯಿರಿ. ಅನುಕರಣದ ಪದ ಕಳಿಸುವವರು ಅದು ಯಾವ ಸೀಮೆಯದು, ಯಾವ ವಸ್ತುವಿನ ಸದ್ದು ಅನ್ನುವುದನ್ನೂ ಸೇರಿಸಿದರೆ ದೊಡ್ಡ ಉಪಕಾರ. ಕರಪತ್ರದ ಹಿಂಬದಿ ಪೂರ್ತಿ ಖಾಲಿ ಇದೆ, ಬಂದ ಪದಗಳನ್ನೆಲ್ಲ ಅಲ್ಲಿ ಅಚ್ಚು ಹಾಕಿಸುವ ಆಸೆ ಇದೆ.