ಪೊಟ್ಯಾಸಿಯಂ ಏರುತ್ತಿಲ್ಲ, ಕಾಲಿನ ಸೆಳೆತ ನಿಲ್ಲುತ್ತಿಲ್ಲ: ಅಮ್ಮನಿಗೆ ಮೆಗ್ನೀಸಿಯಂ ಮಾತ್ರೆ ಕೊಡಬಹುದೇ?

ತಿಪಟೂರಿನವಳು (ಪ್ರಶ್ನೆ):

ನಮಸ್ಕಾರ. ನನ್ನ ತಾಯಿಗೆ 64 ವರ್ಷ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಮಾತ್ರೆಗಳನ್ನೂ, ಥೈರಾಯ್ಡಿಗೆ ಥೈರಾಕ್ಸಿನ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಇವುಗಳಲ್ಲದೆ, ಎಂದೋ ಒಮ್ಮೆ ಎದೆಯುರಿಗೆಂದು ಬರೆದುಕೊಟ್ಟ ಪ್ಯಾಂಟೊಪ್ರಜೋಲ್ ಏಳು ವರ್ಷಗಳಿಂದ ದಿನವೂ ಬೆಳಗ್ಗೆ ನಡೆಯುತ್ತಲೇ ಇದೆ. ನಮ್ಮ ಮನೆಯಲ್ಲಿ ಅದಕ್ಕೆ ‘ಗ್ಯಾಸ್ಟ್ರಿಕ್ ಮಾತ್ರೆ’ ಎಂದಷ್ಟೇ ಹೆಸರು. ಯಾರಾದರೂ ‘ಏನೇನು ಔಷಧಿ ತಗೊಳ್ತೀರಿ’ ಎಂದು ಕೇಳಿದಾಗ ಅಮ್ಮ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆರು ತಿಂಗಳಿಂದ ನಡುರಾತ್ರಿಯಲ್ಲಿ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಹಿಡಿದುಕೊಂಡು ಚೀರುವಷ್ಟು ನೋವಾಗುತ್ತಿದೆ. ಬೆರಳ ತುದಿಗಳಲ್ಲಿ ಮತ್ತು ತುಟಿಯ ಸುತ್ತ ಜುಮ್ಮೆನ್ನುತ್ತದೆ, ಊಟ ಸೇರುವುದಿಲ್ಲ, ಕೆಲವೊಮ್ಮೆ ಎದೆಬಡಿತ ಒಂದು ತಪ್ಪಿ ಮತ್ತೆ ಹೊಡೆದಂತಾಗುತ್ತದೆ ಎನ್ನುತ್ತಾರೆ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 3.1 ಬಂತು. ಪೊಟ್ಯಾಸಿಯಂ ಸಿರಪ್ ಕೊಟ್ಟರು. ಎರಡು ವಾರಕ್ಕೆ 3.2, ನಿಲ್ಲಿಸಿದ ಮೇಲೆ 3.0. ನಮ್ಮದೇ ತೋಟದ ಎಳನೀರನ್ನೂ ಕುಡಿಸಿದ್ದೇವೆ. ಮೆಗ್ನೀಸಿಯಂ ಪರೀಕ್ಷೆಯನ್ನು ಈವರೆಗೆ ಯಾರೂ ಬರೆದುಕೊಟ್ಟಿಲ್ಲ.

ಅಮೆರಿಕದಲ್ಲಿರುವ ನನ್ನ ತಮ್ಮ ಈ ಬಾರಿ ಬಂದಾಗ ಮೆಗ್ನೀಸಿಯಂ ಗ್ಲೈಸಿನೇಟ್ ಡಬ್ಬಿಯೊಂದನ್ನು ತಂದುಕೊಟ್ಟು, ಸೆಳೆತಕ್ಕೂ ನಿದ್ದೆಗೂ ಅಲ್ಲಿ ಎಲ್ಲರೂ ಇದನ್ನೇ ತೆಗೆದುಕೊಳ್ಳುತ್ತಾರೆ ಎಂದು ಹೇಳಿಹೋಗಿದ್ದಾನೆ. ಪರೀಕ್ಷೆ ಮಾಡಿಸದೆ ಇದನ್ನು ಆರಂಭಿಸಬಹುದೇ? ಇದರಲ್ಲಿ ಆಕ್ಸೈಡ್, ಸಿಟ್ರೇಟ್, ಗ್ಲೈಸಿನೇಟ್ ಎಂಬ ಭೇದಗಳು ನಿಜಕ್ಕೂ ಮುಖ್ಯವೇ?

ಹಾವೇರಿ ರೈತ:

ನಾನು ವೈದ್ಯನಲ್ಲ. ಆದರೂ ಹತ್ತಿ ಬೆಳೆಯುವವರಿಗೆ ಮೆಗ್ನೀಸಿಯಂ ಕೊರತೆ ಹೊಸದೇನಲ್ಲ. ಎಲೆಯ ನರಗಳು ಹಸಿರಾಗಿದ್ದು ನಡುವಿನ ಭಾಗ ಕೆಂಪಾದರೆ ಮೆಗ್ನೀಸಿಯಂ ಸಲ್ಫೇಟನ್ನು ಲೀಟರಿಗೆ 10 ಗ್ರಾಂನಂತೆ ಕರಗಿಸಿ ಸಿಂಪಡಿಸುತ್ತೇವೆ. ಪತ್ರಹರಿತ್ತಿನ ನಡುಮಧ್ಯದಲ್ಲಿರುವುದೇ ಮೆಗ್ನೀಸಿಯಂ ಅಲ್ಲವೇ. ಅದೇ ಎಪ್ಸಮ್ ಉಪ್ಪನ್ನು ಬಿಸಿನೀರಿಗೆ ಹಾಕಿ ಕಾಲು ಅದ್ದಿಟ್ಟುಕೊಂಡರೆ ನನ್ನ ತಂದೆಗೆ ಹಿತವಾಗುತ್ತದೆ. ನೀವೂ ಮಾಡಿ ನೋಡಬಹುದು.

ಹಳೆಯ ವೈದ್ಯ:

ತಿಪಟೂರಿನವರೇ, ಯಾವ ಡಬ್ಬಿ ಒಳ್ಳೆಯದು ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಡೋಣ. ನಿಮ್ಮ ತಾಯಿಯವರ ದೇಹದಿಂದ ಮೆಗ್ನೀಸಿಯಂ ಎಲ್ಲಿ ಸೋರಿಹೋಗುತ್ತಿರಬಹುದು ಎಂಬುದಕ್ಕೆ ನೀವು ಬರೆದಿರುವುದರಲ್ಲೇ ಮೂರು ಸುಳಿವುಗಳಿವೆ.

ಮೊದಲನೆಯದು ಪ್ಯಾಂಟೊಪ್ರಜೋಲ್. ಆಮ್ಲವನ್ನು ತಗ್ಗಿಸುವ ಈ ಗುಂಪಿನ ಮಾತ್ರೆಗಳನ್ನು, ಅಂದರೆ ಒಮೆಪ್ರಜೋಲ್, ರಾಬೆಪ್ರಜೋಲ್, ಪ್ಯಾಂಟೊಪ್ರಜೋಲ್ ಮೊದಲಾದವನ್ನು, ದೀರ್ಘಕಾಲ ಸೇವಿಸಿದರೆ ಕೆಲವರ ಕರುಳು ಮೆಗ್ನೀಸಿಯಂ ಹೀರಿಕೊಳ್ಳುವುದು ಕುಗ್ಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿಯೇ ಈ ಬಗ್ಗೆ ಎಚ್ಚರಿಕೆ ನೀಡಿತು. ಅಂತಹ ಪ್ರಕರಣಗಳಲ್ಲಿ ಹೆಚ್ಚಿನವು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮಾತ್ರೆ ತೆಗೆದುಕೊಂಡವರಲ್ಲಿ ಕಂಡುಬಂದಿದ್ದವು, ಮತ್ತು ಸುಮಾರು ಕಾಲು ಭಾಗದಷ್ಟು ರೋಗಿಗಳಲ್ಲಿ ಮೆಗ್ನೀಸಿಯಂ ಕೊಟ್ಟಷ್ಟಕ್ಕೇ ಮಟ್ಟ ಸರಿಹೋಗದೆ ಮಾತ್ರೆಯನ್ನೇ ನಿಲ್ಲಿಸಬೇಕಾಗಿ ಬಂದಿತ್ತು. ನಮ್ಮಲ್ಲಿ ಈ ಮಾತ್ರೆಯನ್ನು ಔಷಧಿ ಎಂದು ಎಣಿಸುವವರೇ ಕಡಿಮೆ. ಮದುವೆ ಊಟಕ್ಕೆ ಹೊರಡುವ ಮುನ್ನ ಒಂದು ನುಂಗಿಕೊಂಡು ಹೋಗುವವರನ್ನು ನಾನೇ ಕಂಡಿದ್ದೇನೆ. ಎರಡನೆಯದು ಹೈಡ್ರೋಕ್ಲೋರೋಥಯಾಜೈಡ್. ಅದು ಮೂತ್ರದ ಮೂಲಕ ಪೊಟ್ಯಾಸಿಯಂ ಜೊತೆಗೆ ಮೆಗ್ನೀಸಿಯಮ್ಮನ್ನೂ ಹೊರಹಾಕುತ್ತದೆ. ಮೂರನೆಯದು ಸಕ್ಕರೆ ಕಾಯಿಲೆ. ಸಕ್ಕರೆ ಹತೋಟಿಯಲ್ಲಿಲ್ಲದಾಗ ಅದು ಮೂತ್ರಕ್ಕೆ ಇಳಿಯುವಾಗ ಮೆಗ್ನೀಸಿಯಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ಒಂದು ಕಡೆ ಒಳಬರುವ ಬಾಗಿಲು ಕಿರಿದಾಗಿದೆ, ಇನ್ನೊಂದು ಕಡೆ ಹೊರಹೋಗುವ ಬಾಗಿಲುಗಳು ಎರಡು ತೆರೆದಿವೆ.

ಇನ್ನು ಪೊಟ್ಯಾಸಿಯಂ ವಿಷಯ. ಸಿರಪ್ ಕೊಟ್ಟರೂ ಏರದ ಪೊಟ್ಯಾಸಿಯಂ ಎಂದರೆ ಮೆಗ್ನೀಸಿಯಂ ನೋಡಿದಿರಾ ಎಂದು ಕೇಳುವುದು ನಮ್ಮ ಕಾಲದ ಹಿರಿಯ ವೈದ್ಯರ ವಾಡಿಕೆಯಾಗಿತ್ತು. ಕಾರಣ ಹೀಗಿದೆ: ಮೂತ್ರಪಿಂಡದ ನಾಳಗಳ ಜೀವಕೋಶಗಳಲ್ಲಿ ಪೊಟ್ಯಾಸಿಯಂ ಹೊರಹೋಗುವ ರಂಧ್ರಗಳಿದ್ದು, ಕೋಶದೊಳಗಿನ ಮೆಗ್ನೀಸಿಯಂ ಅವುಗಳನ್ನು ಬಹುಮಟ್ಟಿಗೆ ಮುಚ್ಚಿ ಹಿಡಿದಿರುತ್ತದೆ. ಅದು ಕಡಿಮೆಯಾದಾಗ ಮುಚ್ಚಳ ಸಡಿಲವಾಗಿ, ನೀವು ಎಷ್ಟು ಎಳನೀರು ಕುಡಿಸಿದರೂ ಪೊಟ್ಯಾಸಿಯಂ ಮೂತ್ರದ ಪಾಲಾಗುತ್ತದೆ. ತುಟಿಯ ಸುತ್ತಲಿನ ಜುಮ್ಮೆನ್ನುವಿಕೆ ಕ್ಯಾಲ್ಸಿಯಂ ಇಳಿದಿರುವುದರ ಗುರುತೂ ಆಗಿರಬಹುದು. ಮೆಗ್ನೀಸಿಯಂ ತೀರಾ ತಗ್ಗಿದರೆ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಸರಿಯಾಗಿ ಸ್ರವಿಸುವುದಿಲ್ಲ, ಸ್ರವಿಸಿದ್ದೂ ಮೂಳೆಯ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಕ್ಯಾಲ್ಸಿಯಮ್ಮೂ ಇಳಿಯುತ್ತದೆ.

ಪರೀಕ್ಷೆಯ ಬಗ್ಗೆ ಒಂದು ಮಾತು. ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಗಳಲ್ಲಿ, ಉಳಿದುದರಲ್ಲಿ ಬಹುಪಾಲು ಸ್ನಾಯು ಮುಂತಾದ ಮೃದು ಅಂಗಾಂಶಗಳಲ್ಲಿ ಇದ್ದು, ರಕ್ತದ ಸೀರಂನಲ್ಲಿ ಸಿಗುವುದು ಶೇ. 1ಕ್ಕಿಂತ ಕಡಿಮೆ. ಆದ್ದರಿಂದ ಸೀರಂ ಪರೀಕ್ಷೆ ಕಣಜದ ಲೆಕ್ಕವನ್ನು ಮೊರದಲ್ಲಿರುವ ಕಾಳು ನೋಡಿ ಹೇಳಿದಂತೆ. ವರದಿ ಸಾಮಾನ್ಯವೆಂದು ಬಂದರೂ ಒಳಗೆ ಕೊರತೆ ಇರಬಹುದು. ಆದರೆ ಕಡಿಮೆ ಎಂದು ಬಂದರೆ ಅದನ್ನು ನಂಬಲೇಬೇಕು. ದುಬಾರಿಯಾದ ಬೇರೆ ಪರೀಕ್ಷೆಗಳ ಹಿಂದೆ ಹೋಗದೆ, ಸೀರಂ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಕ್ರಿಯೇಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಪರೀಕ್ಷೆ) ಇಷ್ಟನ್ನು ಮಾಡಿಸಿ. ಎದೆಬಡಿತ ತಪ್ಪುತ್ತಿದೆ ಎಂದಿರುವುದರಿಂದ ಇಸಿಜಿಯನ್ನು ಮುಂದೂಡಬೇಡಿ; ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಎರಡೂ ತಗ್ಗಿದಾಗ ಹೃದಯದ ಲಯ ಅಪಾಯಕರವಾಗಿ ಕೆಡಬಲ್ಲದು.

ಕ್ರಿಯೇಟಿನಿನ್ ಏಕೆಂದರೆ, ಹೆಚ್ಚಾದ ಮೆಗ್ನೀಸಿಯಮ್ಮನ್ನು ಹೊರಹಾಕುವುದು ಮೂತ್ರಪಿಂಡ. ಅದು ದುರ್ಬಲವಾಗಿದ್ದರೆ ಡಬ್ಬಿಯ ಮಾತ್ರೆಯೂ ಅಪಾಯವೇ. ಹೆರಿಗೆ ವಾರ್ಡಿನಲ್ಲಿ ನಂಜಿನ ಫಿಟ್ಸ್ ಬಂದ ಬಸುರಿಯರಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುವಾಗ, ಮುಂದಿನ ಡೋಸಿಗೆ ಮೊದಲು ಮಂಡಿಗೆ ಸುತ್ತಿಗೆಯಿಂದ ತಟ್ಟಿ ಕಾಲು ಚಿಮ್ಮುತ್ತದೆಯೇ, ಮೂತ್ರ ಸಾಕಷ್ಟು ಹೋಗುತ್ತಿದೆಯೇ, ಉಸಿರಾಟ ಸರಿಯಿದೆಯೇ ಎಂದು ನೋಡಿಯೇ ಕೊಡುತ್ತಿದ್ದೆವು. ಎಷ್ಟೋ ತಾಯಂದಿರ ಜೀವ ಉಳಿಸಿದ ಔಷಧಿ ಅದು. ಮಿತಿಮೀರಿದರೆ ಉಸಿರನ್ನೇ ನಿಲ್ಲಿಸುವಂಥದ್ದೂ ಹೌದು.

ಪ್ಯಾಂಟೊಪ್ರಜೋಲನ್ನು ನೀವಾಗಿಯೇ ನಿಲ್ಲಿಸಬೇಡಿ. ಆಸ್ಪಿರಿನ್‌ನಂತಹ ಮಾತ್ರೆಯಿಂದ ಹೊಟ್ಟೆಯನ್ನು ಕಾಪಾಡಲು ಅದನ್ನು ಕೊಟ್ಟಿರಬಹುದು. ಜೊತೆಗೆ ಒಮ್ಮೆಲೇ ನಿಲ್ಲಿಸಿದರೆ ಕೆಲವು ವಾರ ಆಮ್ಲ ಮೊದಲಿಗಿಂತ ಹೆಚ್ಚಾಗಿ ಉಕ್ಕುತ್ತದೆ. ಎಲ್ಲ ಮಾತ್ರೆಗಳ ಪಟ್ಟಿಯನ್ನು, ಗ್ಯಾಸ್ಟ್ರಿಕ್ ಮಾತ್ರೆಯನ್ನೂ ಸೇರಿಸಿ, ಕಾಗದದ ಮೇಲೆ ಬರೆದುಕೊಂಡು ವೈದ್ಯರ ಮುಂದಿಡಿ.

ರೈತ ಮಿತ್ರರು ಹೇಳಿದ ಬಿಸಿನೀರಿನ ಉಪಚಾರ ಹಿತ ಕೊಡುತ್ತದೆ ಎಂಬುದನ್ನು ಒಪ್ಪುತ್ತೇನೆ, ಆದರೆ ಚರ್ಮದ ಮೂಲಕ ಕೊರತೆ ನೀಗುವಷ್ಟು ಮೆಗ್ನೀಸಿಯಂ ಒಳಹೋಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ತಿಳಿಯದೆ ಸುಟ್ಟುಕೊಳ್ಳುವ ಭಯವೂ ಇದೆ. ಗೊಬ್ಬರದಂಗಡಿಯ ಉಪ್ಪನ್ನಂತೂ ಯಾರೂ ಬಾಯಿಗೆ ಹಾಕಬಾರದು.

ಸಂಶಯಾತ್ಮ:

ವೈದ್ಯರ ಮಾತಿಗೆ ನನ್ನ ವಿರೋಧವಿಲ್ಲ. ಈ ತಾಯಿಯವರದು ನಿಜವಾದ ಕೊರತೆಯ ಪ್ರಕರಣವೇ ಇರಬಹುದು. ನನ್ನ ತಕರಾರು ಅವರ ತಮ್ಮನ ಮಾತಿನ ಬಗ್ಗೆ. ಆಯಾಸವೇ, ಮೆಗ್ನೀಸಿಯಂ, ನಿದ್ದೆ ಬರುತ್ತಿಲ್ಲವೇ, ಮೆಗ್ನೀಸಿಯಂ, ಕಾಲು ಹಿಡಿಯಿತೇ, ಮೆಗ್ನೀಸಿಯಂ ಎನ್ನುವ ವಿಡಿಯೋಗಳನ್ನು ನೋಡಿ ಬೇಸತ್ತಿದ್ದೇನೆ. ವಯಸ್ಸಾದವರ ಸಾಮಾನ್ಯ ಕಾಲು ಸೆಳೆತದ ಬಗ್ಗೆ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ವಿಮರ್ಶೆಯು 2012ರಲ್ಲಿಯೂ 2020ರ ಪರಿಷ್ಕರಣೆಯಲ್ಲಿಯೂ ಹೇಳಿದ್ದು, ಮೆಗ್ನೀಸಿಯಂ ಮಾತ್ರೆಯಿಂದ ಅಂಥವರಿಗೆ ಗಮನಾರ್ಹ ಪ್ರಯೋಜನವಾಗುವ ಸಂಭವ ಕಡಿಮೆ ಎಂದೇ. ಕೊರತೆ ಇಲ್ಲದವನಿಗೆ ಅದು ಭೇದಿ ಮಾತ್ರೆ, ಅಷ್ಟೆ. ನಾನೇ ಮೂರು ತಿಂಗಳು ನುಂಗಿ ನೋಡಿದವನು. ಸೆಳೆತ ನಿಂತದ್ದು ಮಲಗುವ ಮುನ್ನ ಮೀನಖಂಡವನ್ನು ಚಾಚಿ ವ್ಯಾಯಾಮ ಮಾಡಲು ತೊಡಗಿದ ಮೇಲೆ.

ರಾಗಿಕಣ:

ನಾನು ಆಹಾರತಜ್ಞೆ. ಸಂಶಯಾತ್ಮರ ಮಾತನ್ನು ಒಪ್ಪುತ್ತಲೇ ಊಟದ ಕಡೆಯಿಂದ ಕೆಲವು ವಿಷಯಗಳನ್ನು ಸೇರಿಸುತ್ತೇನೆ, ಏಕೆಂದರೆ ಬಹಳ ಜನರಲ್ಲಿ ರೋಗವೆನ್ನುವಷ್ಟು ಕೊರತೆ ಇಲ್ಲದಿದ್ದರೂ ತಟ್ಟೆಯಲ್ಲಿ ಬೇಕಾದಷ್ಟು ಮೆಗ್ನೀಸಿಯಂ ಇರುವುದಿಲ್ಲ. ಐಸಿಎಂಆರ್ 2020ರ ಶಿಫಾರಸಿನಂತೆ ದಿನಕ್ಕೆ ಗಂಡಸರಿಗೆ 440, ಹೆಂಗಸರಿಗೆ 370 ಮಿಲಿಗ್ರಾಂ ಬೇಕು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 140 ಮಿಲಿಗ್ರಾಂ ಇದ್ದರೆ, ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ 20ರ ಆಸುಪಾಸು ಮಾತ್ರ. ಜೋಳ ಮತ್ತು ಸಜ್ಜೆ ರಾಗಿಗೆ ಹತ್ತಿರದಲ್ಲಿವೆ. ಮುದ್ದೆ ಬಿಟ್ಟು ಮೂರು ಹೊತ್ತು ಬಿಳಿ ಅನ್ನ, ಇಡ್ಲಿ, ಉಪ್ಪಿಟ್ಟಿಗೆ ಬಂದ ಮನೆಗಳಲ್ಲಿ ಏನು ಕಳೆದುಹೋಯಿತು ಎಂಬುದನ್ನು ಈ ಎರಡು ಸಂಖ್ಯೆಗಳೇ ಹೇಳುತ್ತವೆ. ಒಂದು ಹಿಡಿ, ಅಂದರೆ 30 ಗ್ರಾಂ ಸಿಹಿಗುಂಬಳದ ಬೀಜದಲ್ಲಿ ಸುಮಾರು 150 ಮಿಲಿಗ್ರಾಂ, ಅಷ್ಟೇ ಬಾದಾಮಿಯಲ್ಲಿ 80 ಸಿಗುತ್ತದೆ. ಹುರುಳಿ, ಎಳ್ಳು, ಕಡಲೆಕಾಯಿ, ಸೊಪ್ಪುಗಳೂ ಒಳ್ಳೆಯವು. ರಾಗಿಯಲ್ಲಿರುವ ಫೈಟೇಟ್ ಖನಿಜಗಳನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ದೂರು ನಿಜ. ಮೊಳಕೆ ಕಟ್ಟಿಸಿ ಹುರಿಹಿಟ್ಟು ಮಾಡುವ, ಅಂಬಲಿಯನ್ನು ರಾತ್ರಿಯಿಡೀ ಹುಳಿಬರಿಸುವ ನಮ್ಮ ಅಜ್ಜಿಯರ ಪದ್ಧತಿಯಿಂದ ಅದು ಸಾಕಷ್ಟು ತಗ್ಗುತ್ತದೆ.

ಯಾರೂ ಕೇಳದ ಇನ್ನೊಂದು ವಿಷಯ ನೀರು. ನಮ್ಮ ಬೋರ್‌ವೆಲ್ ನೀರಿನ ಗಡಸುತನಕ್ಕೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾರಣ. ಲೀಟರಿಗೆ 30 ಮಿಲಿಗ್ರಾಂ ಮೆಗ್ನೀಸಿಯಂ ಇರುವ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ 60 ಮಿಲಿಗ್ರಾಂ ದೊರೆಯುತ್ತದೆ; ಆರ್‌ಒ ಯಂತ್ರ ಅದರಲ್ಲಿ ಬಹುಪಾಲನ್ನು ತೆಗೆದುಹಾಕುತ್ತದೆ. ಹಾಗೆಂದು ಫ್ಲೋರೈಡ್ ಇರುವ ಊರಿನಲ್ಲಿ ಆರ್‌ಒ ಬಿಡಿ ಎಂದು ನಾನು ಹೇಳುವುದಿಲ್ಲ. ನೀರಿನಿಂದ ಹೋದದ್ದನ್ನು ತಟ್ಟೆಯಿಂದ ತುಂಬಿಕೊಳ್ಳಬೇಕು.

ಲವಣಗಳ ಭೇದವನ್ನು ಕೇಳಿದ್ದೀರಿ. ಆಕ್ಸೈಡಿನಲ್ಲಿ ತೂಕದ ಶೇ. 60ರಷ್ಟು ಮೆಗ್ನೀಸಿಯಂ ಇದ್ದರೂ ಅದು ಸರಿಯಾಗಿ ಕರಗದೆ ಹೀರಿಕೆಯಾಗುವುದು ಕಡಿಮೆ, ಉಳಿದದ್ದು ಕರುಳಿಗೆ ನೀರೆಳೆದು ಭೇದಿ ಮಾಡಿಸುತ್ತದೆ. ಸಿಟ್ರೇಟಿನಲ್ಲಿ ಶೇ. 16, ಗ್ಲೈಸಿನೇಟಿನಲ್ಲಿ ಶೇ. 14ರಷ್ಟು ಮಾತ್ರ ಇದ್ದರೂ ಹೀರಿಕೆ ಉತ್ತಮ. ಗ್ಲೈಸಿನೇಟ್ ಹೊಟ್ಟೆಗೂ ಸೌಮ್ಯ. ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ ಇಡೀ ಲವಣದ ತೂಕವೋ ಅದರಲ್ಲಿರುವ ಶುದ್ಧ ಮೆಗ್ನೀಸಿಯಮ್ಮಿನ ತೂಕವೋ ಎಂದು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ನೋಡಿ. ವೈದ್ಯರು ಹೇಳದ ಹೊರತು ಮಾತ್ರೆಯ ರೂಪದಲ್ಲಿ ದಿನಕ್ಕೆ 350 ಮಿಲಿಗ್ರಾಂ ಶುದ್ಧ ಮೆಗ್ನೀಸಿಯಂ ಮೀರಬಾರದು ಎಂಬುದು ಅಮೆರಿಕದ ಮಿತಿ. ಯುರೋಪಿನವರು 250ಕ್ಕೇ ಗೆರೆ ಎಳೆದಿದ್ದಾರೆ. ಆಹಾರದಲ್ಲಿರುವುದಕ್ಕೆ ಈ ಮಿತಿ ಅನ್ವಯಿಸುವುದಿಲ್ಲ.

ತಿಪಟೂರಿನವಳು:

ಎಲ್ಲರಿಗೂ ಕೃತಜ್ಞತೆಗಳು. ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಪಟ್ಟಿ ಬರೆದುಕೊಂಡು ಬೇರೊಬ್ಬ ವೈದ್ಯರ ಬಳಿ ಹೋದೆವು. ಸೀರಂ ಮೆಗ್ನೀಸಿಯಂ 1.1 ಬಂತು, ಪ್ರಯೋಗಾಲಯದ ಕೆಳಮಿತಿ 1.7. ಕ್ಯಾಲ್ಸಿಯಮ್ಮೂ ಕಡಿಮೆಯಿತ್ತು, ಕ್ರಿಯೇಟಿನಿನ್ ಸರಿಯಿತ್ತು. ಇಸಿಜಿ ನೋಡಿದ ಮೇಲೆ ಎರಡು ದಿನ ದಾಖಲಿಸಿಕೊಂಡು ಡ್ರಿಪ್ಪಿನಲ್ಲಿ ಮೆಗ್ನೀಸಿಯಂ ಕೊಟ್ಟರು. ಪ್ಯಾಂಟೊಪ್ರಜೋಲನ್ನು ಹಂತಹಂತವಾಗಿ ಬಿಡಿಸಿ ಅಗತ್ಯವಿದ್ದಾಗ ಮಾತ್ರ ಫಾಮೊಟಿಡಿನ್ ಎಂದರು, ರಕ್ತದೊತ್ತಡದ ಮಾತ್ರೆಯನ್ನೂ ಬದಲಿಸಿದರು. ಮೊದಲ ಹದಿನೈದು ದಿನ ಎದೆಯುರಿ ಹೆಚ್ಚಾಗಿ ಅಮ್ಮ ನನ್ನನ್ನು ಬೈದದ್ದೇ ಬೈದದ್ದು. ಮೊನ್ನೆಯ ವರದಿಯಲ್ಲಿ ಪೊಟ್ಯಾಸಿಯಂ 4.2, ಮೆಗ್ನೀಸಿಯಂ 1.8, ಪೊಟ್ಯಾಸಿಯಂ ಸಿರಪ್ ನಿಂತು ಮೂರು ವಾರವಾಗಿದೆ. ಸೆಳೆತ ವಾರಕ್ಕೊಮ್ಮೆ ಬಂದರೆ ಹೆಚ್ಚು.

ಮೊದಲು ಕೊಟ್ಟ ಆಕ್ಸೈಡ್ ಮಾತ್ರೆಯಿಂದ ಭೇದಿಯಾದ್ದರಿಂದ ತಮ್ಮನ ಡಬ್ಬಿಯನ್ನೇ ವೈದ್ಯರಿಗೆ ತೋರಿಸಿದೆ. ಇದನ್ನೇ ಮೂರು ತಿಂಗಳು ಕೊಡಿ ಎಂದರು. ಯಾವ ಹೊತ್ತಿಗೆ ಎಂದು ಕೇಳಲು ಮರೆತೆ. ಥೈರಾಯ್ಡ್ ಮಾತ್ರೆ ಬೆಳಗ್ಗೆ ಆರು ಗಂಟೆಗೆ ಇದೆ.

ಹಳೆಯ ವೈದ್ಯ:

ರಾತ್ರಿ ಊಟದ ಜೊತೆಗೆ ಕೊಡಿ. ಥೈರಾಕ್ಸಿನ್ ಮತ್ತು ಮೆಗ್ನೀಸಿಯಂ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರ ಬೇಕು, ಇಲ್ಲವಾದರೆ ಥೈರಾಯ್ಡ್ ಮಾತ್ರೆ ಹೀರಿಕೆಯಾಗದೆ ವ್ಯರ್ಥವಾಗುತ್ತದೆ. ಮುಂದೆಂದಾದರೂ ಸಿಪ್ರೊಫ್ಲಾಕ್ಸಾಸಿನ್ ಅಥವಾ ಡಾಕ್ಸಿಸೈಕ್ಲಿನ್‌ನಂತಹ ಆ್ಯಂಟಿಬಯೋಟಿಕ್ ಬರೆದುಕೊಟ್ಟರೆ ಈ ಮಾತ್ರೆಯ ವಿಷಯ ತಿಳಿಸಿ. ಅವುಗಳನ್ನೂ ಮೆಗ್ನೀಸಿಯಂ ಕಟ್ಟಿಹಾಕುತ್ತದೆ. ಮೂರು ತಿಂಗಳಾದ ಮೇಲೆ ಮಾತ್ರೆ ನಿಲ್ಲಿಸಿ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಲು ಕೇಳಿ. ಮಾತ್ರೆಯಿಲ್ಲದೆಯೂ ಮಟ್ಟ ನಿಂತರೆ ಸೋರಿಕೆ ಮುಚ್ಚಿದೆ ಎಂದರ್ಥ; ಮತ್ತೆ ಇಳಿದರೆ ಮೂತ್ರದಲ್ಲಿ ಎಷ್ಟು ಹೋಗುತ್ತಿದೆ ಎಂಬುದನ್ನು ಅಳೆಯಬೇಕಾಗುತ್ತದೆ.